ಜಮಖಂಡಿಯ ಗ್ರಹಣದಿಂದ ಹೊರ್ತಿಯ ಕಣದವರೆಗೆ: ಮೊದಲ ಟೆಲಿಸ್ಕೋಪಿಗೆ ಯಾವ ಐಪೀಸ್?

1868ರ ಆಗಸ್ಟ್ 18, ಮಂಗಳವಾರ. ಬೆಳಗಿನ ಒಂಬತ್ತರ ಸುಮಾರಿಗೆ ನಮ್ಮ ಈ ಭಾಗದ ಮೇಲೆ ಹಗಲಲ್ಲೇ ಕತ್ತಲೆ ಕವಿಯಿತು. ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಅರಬ್ಬಿ ಸಮುದ್ರದ ಕಡೆಯಿಂದ ಬಂದು ಜಮಖಂಡಿ, ವಿಜಯಪುರ ದಾಟಿ, ಗುಂಟೂರು, ಮಚಲಿಪಟ್ಟಣದ ಮೇಲೆ ಹಾದು ಬಂಗಾಳ ಕೊಲ್ಲಿಗೆ ಇಳಿಯಿತು. ಬಹಳ ಅಗಲವಾದ ನೆರಳು ಅದು. ಹೊರ್ತಿ, ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಲ್ಲವೂ ಅದರೊಳಗೇ ಇದ್ದವು. ಐದು ನಿಮಿಷ ಚಿಲ್ಲರೆ ಹೊತ್ತು ಸೂರ್ಯ ಪೂರ್ತಿ ಮುಚ್ಚಿಹೋಗಿದ್ದ.

ಆ ದಿನ ಜಮಖಂಡಿಯಲ್ಲಿ ಒಂದು ಟೆಲಿಸ್ಕೋಪ್ ಸಿದ್ಧವಾಗಿ ನಿಂತಿತ್ತು. ಲಂಡನ್ನಿನ ರಾಯಲ್ ಸೊಸೈಟಿ ಅದನ್ನು ಕಳಿಸಿತ್ತು. ನೋಡಲು ಬಂದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಭಾರತದ ಭೂಮಾಪನ ನಡೆಸುತ್ತಿದ್ದ ಮಹಾ ತ್ರಿಕೋನಮಿತಿ ಸರ್ವೆಯ ಅಧಿಕಾರಿ. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ.

ಈ ಕಥೆ ಇಲ್ಲಿ ಹೇಳುವುದಕ್ಕೆ ಒಂದು ಕಾರಣವಿದೆ. ಹರ್ಷೆಲ್ ತಂದ ಟೆಲಿಸ್ಕೋಪಿನ ಮುಂದಿನ ಮಸೂರದ ಅಗಲ 5 ಇಂಚು, ಅಂದರೆ 127 ಮಿಲಿಮೀಟರ್. ಇವತ್ತು ಹೊಸಬರಿಗೆಂದು ಅಂಗಡಿಯಲ್ಲಿ ಮಾರುವ ಟೆಲಿಸ್ಕೋಪುಗಳಲ್ಲಿ 114 ಮತ್ತು 130 ಮಿಲಿಮೀಟರ್ ಕನ್ನಡಿಯವು ಸಾಮಾನ್ಯ. ಅಂದರೆ ನಮ್ಮ ಹಳ್ಳಿಯ ಶಾಲೆಯೊಂದು ವರ್ಗಣಿ ಕೂಡಿಸಿ ಕೊಳ್ಳಬಹುದಾದ ಟೆಲಿಸ್ಕೋಪಿನ ಬಾಯಿ, ಜಗತ್ತಿನ ವಿಜ್ಞಾನಕ್ಕೆ ಹೊಸ ಸುದ್ದಿ ಕೊಟ್ಟ ಜಮಖಂಡಿಯ ಟೆಲಿಸ್ಕೋಪಿನ ಬಾಯಿಗೆ ಹೆಚ್ಚುಕಡಿಮೆ ಸಮ.

ಹಾಗಾದರೆ ಫರಕು ಎಲ್ಲಿತ್ತು? ಕಣ್ಣಿಡುವ ತುದಿಯಲ್ಲಿ ಏನು ಜೋಡಿಸಿದ್ದರು, ಕೆಳಗಿನ ನಿಲುವು ಎಷ್ಟು ಗಟ್ಟಿಯಾಗಿತ್ತು, ನೋಡುವ ಮೊದಲು ಎಷ್ಟು ತಯಾರಿ ಮಾಡಿಕೊಂಡಿದ್ದರು ಎಂಬುದರಲ್ಲಿ. ಮೊದಲ ಟೆಲಿಸ್ಕೋಪ್ ಕೊಳ್ಳುವವರು ಕಡೆಗೆ ನೋಡುವುದು ಇದೇ ಮೂರನ್ನು. ಅದಕ್ಕೇ ಎಷ್ಟೋ ಟೆಲಿಸ್ಕೋಪುಗಳು ಎರಡು ರಾತ್ರಿ ಹೊರಗೆ ಬಂದು, ಆಮೇಲೆ ಕಪಾಟು ಸೇರಿ ಧೂಳು ಹಿಡಿಯುತ್ತವೆ.

ವಿಜಯಪುರದಲ್ಲಿ ಕಂಡ ಹೊಂಬಣ್ಣದ ಗೆರೆ

ಹರ್ಷೆಲ್ ಆ ದಿನ ಸೂರ್ಯನನ್ನು ದೊಡ್ಡದು ಮಾಡಿ ನೋಡಲು ಬಂದಿರಲಿಲ್ಲ. ಸೂರ್ಯನ ಅಂಚಿನಲ್ಲಿ ಗ್ರಹಣದ ಹೊತ್ತು ಕೆಂಪು ಜ್ವಾಲೆಗಳ ಹಾಗೆ ಏನೋ ಕಾಣುತ್ತದೆ. ಅದು ಏನು ಎಂಬುದು ಆಗ ಯಾರಿಗೂ ಖಾತ್ರಿ ಇರಲಿಲ್ಲ. ಅದನ್ನು ತಿಳಿಯಲು ಟೆಲಿಸ್ಕೋಪಿನ ಕಣ್ಣಿನ ತುದಿಗೆ ರೋಹಿತದರ್ಶಕ ಜೋಡಿಸಿದ್ದರು. ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಸಾಧನ ಅದು. ಉರಿಯುವ ಅನಿಲದ ಬೆಳಕಾದರೆ ಅದರಲ್ಲಿ ಬಿಡಿಬಿಡಿ ಹೊಳೆಯುವ ಗೆರೆಗಳು ಕಾಣುತ್ತವೆ.

ಮಳೆಗಾಲದ ಮೋಡ ಅವರನ್ನು ಬಹಳ ಕಾಡಿತು. ಮೋಡ ಸರಿದ ಸ್ವಲ್ಪ ಹೊತ್ತಿನಲ್ಲೇ ಹರ್ಷೆಲ್ ಮೂರು ಹೊಳೆಯುವ ಗೆರೆ ಕಂಡರು: ಕೆಂಪು, ಕಿತ್ತಳೆ, ನೀಲಿ. ಅಂದರೆ ಆ ಜ್ವಾಲೆಗಳು ಅನಿಲ.

ಅದೇ ಹೊತ್ತಿಗೆ ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್ ಎಂಬ ಇನ್ನೊಬ್ಬ ಸರ್ವೆ ಅಧಿಕಾರಿ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ರೋಹಿತದರ್ಶಕ ಇಟ್ಟುಕೊಂಡು ನೋಡುತ್ತಿದ್ದರು. ಅವರಿಗೆ ಎರಡು ಪಟ್ಟಿ ಕಂಡವು. ಒಂದು ಗುಲಾಬಿ ಕೆಂಪು, ಇನ್ನೊಂದು ತಿಳಿ ಹೊಂಬಣ್ಣ.

ಆ ಹೊಂಬಣ್ಣದ ಗೆರೆಯನ್ನು ಮೊದಲು ಹಲವರು ಸೋಡಿಯಂ ಎಂದೇ ತಿಳಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಗ್ರಹಣವಿಲ್ಲದ ದಿನವೇ ಅದನ್ನು ಅಳೆದು, ಇದು ಸೋಡಿಯಂ ಗೆರೆಯ ಜಾಗದಲ್ಲಿಲ್ಲ ಎಂದು ತೋರಿಸಿದರು. ಸೂರ್ಯನಲ್ಲಿರುವ ಆ ಹೊಸ ವಸ್ತುವಿಗೆ ಗ್ರೀಕ್ ಭಾಷೆಯ ಸೂರ್ಯನ ಹೆಸರಿನಿಂದ ಹೀಲಿಯಂ ಎಂಬ ಹೆಸರು ಬಂತು. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ, ವಿಲಿಯಂ ರಾಮ್ಸೆ ಅವರ ಪ್ರಯೋಗಾಲಯದಲ್ಲಿ. ಆ ಸಾಲಿನ ಮೊದಲ ನೋಟಗಳಲ್ಲಿ ಗುಂಟೂರಿನ ಹೆಸರನ್ನು ಎಲ್ಲರೂ ಹೇಳುತ್ತಾರೆ. ಫ್ರಾನ್ಸಿನ ಜಾನ್ಸೆನ್ ಅಲ್ಲಿದ್ದರು. ಆದರೆ ಜಮಖಂಡಿಯೂ ವಿಜಯಪುರವೂ ಆ ಸಾಲಿನಲ್ಲೇ ಇವೆ. ನಮ್ಮ ಮಕ್ಕಳ ಪಾಠದಲ್ಲಿ ಇದು ಇರಬೇಕಿತ್ತು.

ಇಲ್ಲಿ ಗಮನಿಸಬೇಕಾದ್ದು ಒಂದೇ. ಕೈಯಲ್ಲಿ ಹಿಡಿದ ಚಿಕ್ಕ ಸಾಧನ, ಸರಿಯಾದದ್ದಾಗಿದ್ದರಿಂದ, ಅಷ್ಟು ದೊಡ್ಡ ಸಂಗತಿ ತೋರಿಸಿತು.

ಅಜ್ಜ ಐಪೀಸ್ ಬದಲಿಸಿ ಗ್ರಹ ಕಂಡದ್ದು

ಐಪೀಸ್ ಅಂದರೆ ಕಣ್ಣಿಡುವ ತುದಿಯ ಚಿಕ್ಕ ಮಸೂರದ ಕೊಳವೆ. ಶಾಲೆಯ ಪುಸ್ತಕದಲ್ಲಿ ನೇತ್ರ ಮಸೂರ ಎನ್ನುತ್ತಾರೆ. ಟೆಲಿಸ್ಕೋಪಿನ ಮುಂದಿನ ಮಸೂರ ಅಥವಾ ಒಳಗಿನ ಕನ್ನಡಿ ಬೆಳಕು ಕೂಡಿಸುತ್ತದೆ. ಐಪೀಸ್ ಆ ಬೆಳಕಿನ ಚಿತ್ರವನ್ನು ನಮ್ಮ ಕಣ್ಣಿಗೆ ದೊಡ್ಡದು ಮಾಡಿ ಕೊಡುತ್ತದೆ. ಐಪೀಸ್ ಬದಲಿಸಿದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಬದಲಾಗುತ್ತದೆ.

1781ರ ಮಾರ್ಚ್ 13ರ ರಾತ್ರಿ ವಿಲಿಯಂ ಹರ್ಷೆಲ್ ತಾವೇ ಉಜ್ಜಿ ಮಾಡಿದ ಕನ್ನಡಿಯ ಟೆಲಿಸ್ಕೋಪಿನಲ್ಲಿ 227 ಪಟ್ಟಿನ ಐಪೀಸ್ ಹಾಕಿ ನಕ್ಷತ್ರ ನೋಡುತ್ತಿದ್ದರು. ಒಂದು ಚುಕ್ಕೆ ಉಳಿದವುಗಳಿಗಿಂತ ಬೇರೆ ಕಂಡಿತು. ಅವರು 460 ಪಟ್ಟಿನದು ಹಾಕಿದರು, ಆಮೇಲೆ 932 ಪಟ್ಟಿನದು. ನಕ್ಷತ್ರಗಳು ಎಷ್ಟು ಪಟ್ಟು ಹೆಚ್ಚಿಸಿದರೂ ಆ ಲೆಕ್ಕದಲ್ಲಿ ದೊಡ್ಡದಾಗುವುದಿಲ್ಲ, ಚುಕ್ಕೆಯಾಗಿಯೇ ಉಳಿಯುತ್ತವೆ. ಇದು ಮಾತ್ರ ಬೆಳೆಯುತ್ತ ಹೋಯಿತು. ಅವರು ಮೊದಲು ಧೂಮಕೇತು ಎಂದುಕೊಂಡ ಅದು ಯುರೇನಸ್ ಗ್ರಹ.

ಒಂದು ಟೆಲಿಸ್ಕೋಪ್, ಮೂರು ಐಪೀಸ್, ಒಂದು ಹೊಸ ಗ್ರಹ. ಆದರೆ ಕ್ರಮ ನೋಡಿ. ಕಡಿಮೆ ಪಟ್ಟಿನಿಂದ ಹುಡುಕಿ, ಕಂಡ ಮೇಲೆ ಹೆಚ್ಚಿನದಕ್ಕೆ ಹೋದರು. ಹೊಸಬರು ಬಹಳ ಸಲ ಇದನ್ನು ತಿರುಗಿಸಿ ಮಾಡುತ್ತಾರೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಎಲ್ಲಕ್ಕಿಂತ ಹೆಚ್ಚು ಪಟ್ಟಿನ ಐಪೀಸ್ ಹಾಕುತ್ತಾರೆ. ಏನೂ ಕಾಣುವುದಿಲ್ಲ.

ಕೊಳವೆಯ ಮೇಲಿನ ಅಕ್ಷರದಲ್ಲಿ ನಾಲ್ಕು ನೂರು ವರ್ಷ

ನೀವು ಕೊಂಡ ಅಥವಾ ಕೊಳ್ಳಬೇಕೆಂದಿರುವ ಐಪೀಸಿನ ಅಂಚು ನೋಡಿ. ಒಂದೆರಡು ಇಂಗ್ಲಿಷ್ ಅಕ್ಷರ, ಮುಂದೆ ಒಂದು ಅಂಕಿ ಇರುತ್ತದೆ. ಆ ಅಕ್ಷರದಲ್ಲಿ ಇತಿಹಾಸವೇ ಇದೆ.

ಟೆಲಿಸ್ಕೋಪಿನ ಮೊದಲ ದಾಖಲೆ 1608ರದು, ಹಾಲೆಂಡಿನ ಕನ್ನಡಕ ಮಾಡುವ ಹಾನ್ಸ್ ಲಿಪರ್ಶೆ ಅವರದು. ಮರುವರ್ಷ ಇಟಲಿಯ ಗೆಲಿಲಿಯೋ ತಾವೇ ಒಂದು ಮಾಡಿಕೊಂಡರು. ಅವರ ಐಪೀಸ್ ನಿಮ್ನ ಮಸೂರ, ಅಂದರೆ ನಡುವೆ ತಗ್ಗಿದ ಗಾಜು. ಅದರಲ್ಲಿ ಕಾಣುವ ಜಾಗ ಎಷ್ಟು ಕಿರಿದೆಂದರೆ ಇಡೀ ಚಂದ್ರ ಒಮ್ಮೆಗೆ ಹಿಡಿಸುತ್ತಿರಲಿಲ್ಲ. ಆದರೂ ಸುಮಾರು 20 ಪಟ್ಟಿನಲ್ಲೇ 1610ರ ಜನವರಿಯಲ್ಲಿ ಗುರುವಿನ ನಾಲ್ಕು ಉಪಗ್ರಹ ಕಂಡರು. 1611ರಲ್ಲಿ ಕೆಪ್ಲರ್ ಪೀನ ಮಸೂರದ ಐಪೀಸ್ ಹೇಳಿಕೊಟ್ಟರು. ಚಿತ್ರ ತಲೆಕೆಳಗಾಯಿತು, ಆದರೆ ಕಾಣುವ ಜಾಗ ಅಗಲವಾಯಿತು. ಇವತ್ತಿನ ಟೆಲಿಸ್ಕೋಪಿನಲ್ಲೂ ಚಂದ್ರ ತಲೆಕೆಳಗಾಗಿ ಅಥವಾ ಎಡಬಲ ಬದಲಾಗಿ ಕಂಡರೆ ಅದು ದೋಷವಲ್ಲ.

ಆ ಹೊತ್ತಿಗೆ ಭಾರತಕ್ಕೂ ಟೆಲಿಸ್ಕೋಪ್ ಬಂದಿತ್ತು. 1651ರಲ್ಲಿ ಜೆರೆಮಿಯಾ ಶಾಕರ್ಲಿ ಎಂಬ ಇಂಗ್ಲಿಷ್ ಯುವಕ ಸೂರತ್‌ನಲ್ಲಿ ಬುಧ ಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು ನೋಡಿದ. ಆಗ ವಿಜಯಪುರದಲ್ಲಿ ಮುಹಮ್ಮದ್ ಆದಿಲ್ ಶಾಹ ಆಳುತ್ತಿದ್ದ, ಗೋಳಗುಮ್ಮಟ ಮೇಲೇಳುತ್ತಿತ್ತು. 1689ರಲ್ಲಿ, ಅಂದರೆ ಆದಿಲ್ ಶಾಹಿ ಬಿದ್ದು ಮೂರೇ ವರ್ಷಕ್ಕೆ, ಪುದುಚೇರಿಯಲ್ಲಿ ಫಾದರ್ ರಿಶೊ ಎಂಬ ಫ್ರೆಂಚ್ ಪಾದ್ರಿ ಆಲ್ಫಾ ಸೆಂಟಾರಿ ನಕ್ಷತ್ರ ಒಂದಲ್ಲ, ಎರಡು ಎಂದು ಟೆಲಿಸ್ಕೋಪಿನಲ್ಲಿ ಕಂಡರು.

ಈಗ ಅಕ್ಷರಕ್ಕೆ ಬರೋಣ. 'ಎಚ್' ಇದ್ದರೆ ಅದು ಹೈಗನ್ಸ್. ಶನಿಯ ಸುತ್ತ ಇರುವುದು ಉಂಗುರ ಎಂದು ತಿಳಿಸಿದ ಹಾಲೆಂಡಿನ ಕ್ರಿಶ್ಚಿಯಾನ್ ಹೈಗನ್ಸ್ 1660ರ ದಶಕದಲ್ಲಿ ಮಾಡಿದ ಎರಡು ಗಾಜಿನ ರಚನೆ. 'ಎಸ್‌ಆರ್' ಇದ್ದರೆ ರಾಮ್ಸ್‌ಡೆನ್. ಲಂಡನ್ನಿನ ಆ ಸಾಧನ ತಯಾರಕನ 1780ರ ದಶಕದ ರಚನೆಯ ಒಂದು ಬಗೆ. 'ಕೆ' ಇದ್ದರೆ ಜರ್ಮನಿಯ ಕೆಲ್ನರ್, 1849ರದು. 'ಪಿಎಲ್' ಇದ್ದರೆ ವಿಯೆನ್ನಾದ ಪ್ಲಾಸಲ್, 1860ರದು. ಅದರಲ್ಲಿ ನಾಲ್ಕು ಗಾಜು, ಎರಡೆರಡು ಅಂಟಿಸಿದ ಎರಡು ಜೋಡಿ.

ಹೊಸಬರಿಗೆ ಕೆಲಸಕ್ಕೆ ಬರುವ ಮಾತು ಇಷ್ಟು: ಕಡಿಮೆ ಬೆಲೆಯ ಪೆಟ್ಟಿಗೆಗಳಲ್ಲಿ ಎಚ್ ಮತ್ತು ಎಸ್‌ಆರ್ ಹೆಚ್ಚಾಗಿ ಸಿಗುತ್ತವೆ. ಅವುಗಳಲ್ಲಿ ಕಾಣುವ ಜಾಗ ಕಿರಿದು, ಅಂಚು ಮಸುಕು. ಕೆ ನಡೆಯುತ್ತದೆ. ಪಿಎಲ್ ಇದ್ದರೆ ಒಳ್ಳೆಯದು. ಹಣ ಉಳಿದರೆ ಮೊದಲು ಪಿಎಲ್ ಐಪೀಸಿಗೇ ಹಾಕಿ.

525 ಪಟ್ಟು ಎಂಬ ಜಾಹೀರಾತಿನ ಲೆಕ್ಕ

ಟೆಲಿಸ್ಕೋಪ್ ಇಟ್ಟಲ್ಲಿ ಹಿರಿಯರು ಕೇಳುವ ಮೊದಲ ಪ್ರಶ್ನೆ: "ಎಷ್ಟ್ ಪಟ್ಟ ದೊಡ್ಡದು ಕಾಣ್ತೈತ್ರಿ ಇದ್ರಾಗ?" ಅಂಗಡಿಯವರಿಗೂ ಇದು ಗೊತ್ತು. ಅದಕ್ಕೇ ಪೆಟ್ಟಿಗೆಯ ಮೇಲೆ ದೊಡ್ಡ ಅಂಕಿ.

ಲೆಕ್ಕ ಬಹಳ ಸುಲಭ. ಟೆಲಿಸ್ಕೋಪಿನ ಸಂಗಮ ದೂರವನ್ನು ಐಪೀಸಿನ ಸಂಗಮ ದೂರದಿಂದ ಭಾಗಿಸಬೇಕು. ಎರಡೂ ಅಂಕಿ ಅವುಗಳ ಮೇಲೆಯೇ ಬರೆದಿರುತ್ತವೆ. 70 ಮಿಲಿಮೀಟರ್ ಅಗಲ, 700 ಮಿಲಿಮೀಟರ್ ಸಂಗಮ ದೂರದ ಟೆಲಿಸ್ಕೋಪ್ ತಗೊಳ್ಳಿ. ಅದಕ್ಕೆ 25ರ ಐಪೀಸ್ ಹಾಕಿದರೆ 28 ಪಟ್ಟು. 10ರದು ಹಾಕಿದರೆ 70 ಪಟ್ಟು. ಅಂಕಿ ಚಿಕ್ಕದಾದಷ್ಟೂ ಪಟ್ಟು ಹೆಚ್ಚು.

ಇನ್ನು 4ರ ಐಪೀಸ್ ಹಾಕಿದರೆ 175 ಪಟ್ಟು. ಅದರ ಜೊತೆ ಮೂರು ಪಟ್ಟಿನ ಬಾರ್ಲೊ ಸೇರಿಸಿದರೆ 525. ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೊ 1830ರ ದಶಕದಲ್ಲಿ ಕೊಟ್ಟ ಈ ಮಸೂರ ಐಪೀಸಿನ ಮುಂದೆ ಕೂತು ಅದರ ಪಟ್ಟನ್ನು ಹೆಚ್ಚಿಸುತ್ತದೆ. ಲೆಕ್ಕದಲ್ಲಿ 525 ಸುಳ್ಳಲ್ಲ. ಕಣ್ಣಿಗೆ ಮಾತ್ರ ಸುಳ್ಳು.

ಯಾಕೆಂದರೆ ಮುಂದಿನ ಮಸೂರ ಕೂಡಿಸುವ ಬೆಳಕು ಅಷ್ಟೇ ಇರುತ್ತದೆ. ಸೇರು ಹಾಲಿಗೆ ಕೊಡ ನೀರು ಹಾಕಿದ ಹಾಗೆ, ಚಿತ್ರ ದೊಡ್ಡದು ಮಾಡಿದಷ್ಟೂ ಅದು ಮಬ್ಬಾಗುತ್ತದೆ. ಅಂದಾಜಿಗೆ ಒಂದು ನಿಯಮವಿದೆ: ಟೆಲಿಸ್ಕೋಪಿನ ಅಗಲ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡರಷ್ಟು ಪಟ್ಟು ಅದರ ಮಿತಿ. 70ರದಕ್ಕೆ 140. 130ರದಕ್ಕೆ 260. ಅದೂ ಗಾಳಿ ತೀರಾ ಶಾಂತವಾಗಿರುವ ರಾತ್ರಿ ಮಾತ್ರ.

ಇನ್ನೊಂದು ತೊಂದರೆ ಓಟದ್ದು. ಭೂಮಿ ತಿರುಗುವುದರಿಂದ ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. 25ರ ಪಿಎಲ್ ಐಪೀಸಿನಲ್ಲಿ 28 ಪಟ್ಟಿಗೆ ಸುಮಾರು 1.8 ಡಿಗ್ರಿ ಜಾಗ ಕಾಣುತ್ತದೆ. ಮೂರು ಚಂದ್ರ ಸಾಲಾಗಿ ನಿಲ್ಲುವಷ್ಟು. ನಡುವೆ ಇಟ್ಟ ಗ್ರಹ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಒಳಗಿರುತ್ತದೆ. 175 ಪಟ್ಟಿನ ಕಿರಿದಾದ ಐಪೀಸಿನಲ್ಲಿ ಆ ಗ್ರಹ ಒಂದಂಚಿನಿಂದ ಇನ್ನೊಂದಂಚಿಗೆ ಹಾಯಲು ಒಂದು ನಿಮಿಷವೂ ಬೇಡ. ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದಾಗ ಏನಾಗುತ್ತದೆ ಯೋಚಿಸಿ. ಮೊದಲನೆಯವ ಶನಿ ನೋಡುತ್ತಾನೆ, ಎರಡನೆಯವಳು ಬರುವಷ್ಟರಲ್ಲಿ ಬರೀ ಕತ್ತಲೆ. ಅವಳು "ಕಾಣ್ತೈತ್ರಿ ಸರ್" ಎಂದು ಸುಮ್ಮನೆ ಹೇಳಿ ಸರಿಯುತ್ತಾಳೆ. ಆ ಹುಡುಗಿಗೆ ಕಾಣಲಿಲ್ಲ ಎಂಬುದೇ ಇಲ್ಲಿಯ ನಷ್ಟ.

ಹಾಗಾದರೆ ಯಾವುದು ಕೊಳ್ಳಬೇಕು?

ಮೂರು ಸಾಕು.

ಮೊದಲನೆಯದು 25 ಅಥವಾ 32ರ ಐಪೀಸ್. ಇದು ಹುಡುಕುವ ಐಪೀಸ್. ಇಡೀ ಚಂದ್ರ, ಕೃತ್ತಿಕೆಯ ಗುಂಪು, ಗುರುವಿನ ನಾಲ್ಕು ಉಪಗ್ರಹ, ಮಹಾವ್ಯಾಧನ ಕತ್ತಿಯಲ್ಲಿರುವ ನಿಹಾರಿಕೆ ಎಲ್ಲ ಇದರಲ್ಲೇ ಚೆಂದ. ರಾತ್ರಿಯ ಹೆಚ್ಚಿನ ಹೊತ್ತು ಇದೇ ಕೂತಿರುತ್ತದೆ.

ಎರಡನೆಯದು 10ರ ಐಪೀಸ್. ಶನಿಯ ಉಂಗುರ, ಗುರುವಿನ ಮೈಮೇಲಿನ ಪಟ್ಟೆ, ಚಂದ್ರನ ಕುಳಿಗಳಿಗೆ.

ಮೂರನೆಯದು ಎರಡು ಪಟ್ಟಿನ ಬಾರ್ಲೊ. ಇದು ಇದ್ದರೆ ಎರಡು ಐಪೀಸ್ ನಾಲ್ಕರ ಕೆಲಸ ಮಾಡುತ್ತವೆ. ಮೇಲೆ ಹೇಳಿದ 700ರ ಟೆಲಿಸ್ಕೋಪಿನಲ್ಲಿ 28, 56, 70, 140 ಪಟ್ಟು ಸಿಗುತ್ತದೆ. ಇಲ್ಲಿ ಒಂದು ಎಚ್ಚರ: 25ರ ಜೊತೆ 12ರದು ಕೊಂಡರೆ, ಬಾರ್ಲೊ ಹಾಕಿದ 25 ಮತ್ತು ಬಿಡಿ 12 ಎರಡೂ ಹೆಚ್ಚುಕಡಿಮೆ ಒಂದೇ ಪಟ್ಟು ಕೊಡುತ್ತವೆ. ಒಂದೇ ವಸ್ತುವಿಗೆ ಎರಡು ಸಲ ದುಡ್ಡು ಕೊಟ್ಟಂತೆ.

ಕೊಳ್ಳುವ ಮೊದಲು ಕೊಳವೆಯ ದಪ್ಪ ಅಳೆಯಿರಿ. 1.25 ಇಂಚಿನದೇ ಇರಲಿ. ಹಳೆಯ ಮತ್ತು ಆಟಿಕೆಯಂಥ ಟೆಲಿಸ್ಕೋಪುಗಳಲ್ಲಿ 0.965 ಇಂಚಿನ ತೆಳುವಾದ ಐಪೀಸ್ ಬರುತ್ತದೆ. ಮುಂದೆ ಒಳ್ಳೆಯ ಐಪೀಸ್ ಕೊಂಡರೆ ಅದರಲ್ಲಿ ಕೂರುವುದಿಲ್ಲ. ಇದೊಂದನ್ನು ಕೇಳದೆ ಟೆಲಿಸ್ಕೋಪ್ ಕೊಳ್ಳಬೇಡಿ.

ನಿಲುವು ಅಲುಗಿದರೆ ಎಲ್ಲ ಅಲುಗಿತು

ಜಮಖಂಡಿಯ ಟೆಲಿಸ್ಕೋಪಿಗೆ ಆಕಾಶದ ಓಟಕ್ಕೆ ಸರಿಯಾಗಿ ತಾನೇ ತಿರುಗುವ ಗಡಿಯಾರದ ಯಂತ್ರವಿತ್ತು. ನಮಗೆ ಅದು ಬೇಕಿಲ್ಲ, ಆದರೆ ಗಟ್ಟಿ ನಿಲುವು ಬೇಕು. 70 ಪಟ್ಟು ದೊಡ್ಡದು ಮಾಡಿದಾಗ ಕೈತಾಗಿದ ಅಲುಗಾಟವೂ 70 ಪಟ್ಟು ದೊಡ್ಡದಾಗುತ್ತದೆ.

ಬಡವರ ಕೈಗೆ ಗಟ್ಟಿ ನಿಲುವು ಕೊಟ್ಟವರು ಅಮೆರಿಕದ ಜಾನ್ ಡಾಬ್ಸನ್. ಅವರು 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠ ಸೇರಿದ್ದ ಸನ್ಯಾಸಿ, ರಾಮಕೃಷ್ಣ ಪರಂಪರೆಯವರು. ಬಿಸಾಡಿದ ದಪ್ಪ ಗಾಜು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆಯಲ್ಲಿಟ್ಟು, ಪ್ಲೈವುಡ್ ಪೆಟ್ಟಿಗೆಯ ಮೇಲೆ ಕೂರಿಸಿ, ಬೀದಿಯ ಜನರಿಗೆ ಆಕಾಶ ತೋರಿಸಿದರು. 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷ ಬೀದಿಬದಿಯ ವೀಕ್ಷಕರ ಬಳಗ ಕಟ್ಟಿದರು. ನೆಲದ ಮೇಲೆ ಪೀಪಾಯಿಯ ಹಾಗೆ ಕೂತು ಆಚೀಚೆ, ಮೇಲೆಕೆಳಗೆ ತಿರುಗುವ ಆ ನಿಲುವಿಗೆ ಈಗ ಡಾಬ್ಸೋನಿಯನ್ ಎಂದೇ ಹೆಸರು. ನಮ್ಮ ಊರಿನ ಬಡಿಗೇರರು ಒಮ್ಮೆ ನೋಡಿದರೆ ಮಾಡಿಕೊಡಬಲ್ಲರು.

ಮುಕ್ಕಾಲಿ ನಿಲುವೇ ಇದ್ದರೆ ಕಾಲುಗಳನ್ನು ಪೂರ್ತಿ ಉದ್ದ ಎಳೆಯಬೇಡಿ. ನಡುವೆ ಉಸುಕು ತುಂಬಿದ ಚೀಲ ತೂಗುಹಾಕಿ. ಕೂತು ನೋಡಲು ಒಂದು ಸ್ಟೂಲ್ ಇಡಿ. ಇದಕ್ಕೆ ದುಡ್ಡೇ ಬೇಡ.

ಜಾಗವೂ ಮುಖ್ಯ. ಆರ್‌ಸಿಸಿ ಮಾಳಿಗೆ ಹಗಲೆಲ್ಲ ಕಾದು ರಾತ್ರಿ ಬಿಸಿ ಬಿಡುತ್ತದೆ. ಆ ಬಿಸಿಗಾಳಿಯಲ್ಲಿ ಗ್ರಹ ನೀರಿನೊಳಗಿನ ಕಲ್ಲಿನ ಹಾಗೆ ಕುಣಿಯುತ್ತದೆ. ಮಾಳಿಗೆಗಿಂತ ಊರ ಹೊರಗಿನ ಕಣ ವಾಸಿ. ಹೊರ್ತಿಯ ಸುತ್ತ ಸೊಲ್ಲಾಪುರ ರಸ್ತೆಯ ದೀಪಗಳಿಂದ ಸ್ವಲ್ಪ ಒಳಗೆ ಹೋದರೆ ಸಾಕು. ನಮ್ಮ ಬಯಲಲ್ಲಿ ಗುಡ್ಡ ಅಡ್ಡ ಇಲ್ಲ, ಆಕಾಶ ನೆಲದವರೆಗೂ ಕಾಣುತ್ತದೆ. ಊರಿನವರಿಗೆ ಇಲ್ಲದ ಭಾಗ್ಯ ನಗರದವರು ದುಡ್ಡು ಕೊಟ್ಟು ಹುಡುಕುತ್ತಾರೆ ಎಂದರೆ ಅದು ಕತ್ತಲೆಯೇ, ಅದು ನಮ್ಮಲ್ಲಿದೆ.

ಚಿಲ್ಲರೆ ಸಾಮಾನು, ದೊಡ್ಡ ಕೆಲಸ

ಗುರಿ ಹಿಡಿಯುವ ಸಾಧನ: ಕೊಳವೆಯ ಮೇಲಿನ ಚಿಕ್ಕ ದುರ್ಬೀನು ಅಥವಾ ಕೆಂಪು ಚುಕ್ಕೆಯ ಗಾಜು. ಇದನ್ನು ಹಗಲಲ್ಲೇ ಸರಿಮಾಡಿಕೊಳ್ಳಿ. ದೂರದ ಮೊಬೈಲ್ ಟವರಿನ ತುದಿ ಐಪೀಸಿನ ನಡುವೆ ಬರಲಿ, ಆಮೇಲೆ ಕೆಂಪು ಚುಕ್ಕೆಯನ್ನೂ ಅದರ ಮೇಲೆ ಕೂರಿಸಿ. ಇದು ಆಗದಿದ್ದರೆ ರಾತ್ರಿ ಚಂದ್ರನೂ ಸಿಗುವುದಿಲ್ಲ.

ಕೆಂಪು ಬೆಳಕು: ಕಣ್ಣು ಕತ್ತಲೆಗೆ ಹೊಂದಲು 20ರಿಂದ 30 ನಿಮಿಷ ಬೇಕು. ಒಮ್ಮೆ ಮೊಬೈಲ್ ಬೆಳಕು ಬಿದ್ದರೆ ಮತ್ತೆ ಮೊದಲಿನಿಂದ. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಎರಡು ಮಡಿಕೆ ಕಟ್ಟಿ.

ಒರೆಸುವುದು: ಸುಗ್ಗಿಯ ಧೂಳು ಮಸೂರದ ಮೇಲೆ ಕೂತರೆ ಅಂಗಿಯ ತುದಿಯಿಂದ ಒರೆಸಬೇಡಿ, ಗೀರು ಬೀಳುತ್ತದೆ. ರಬ್ಬರ್ ಬುರುಡೆಯಿಂದ ಗಾಳಿ ಊದಿ. ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯದಂತೆ ಐಪೀಸುಗಳನ್ನು ಸಿಲಿಕಾ ಜೆಲ್ ಪುಡಿಕೆಯ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ.

ಮೊಬೈಲ್ ಹಿಡಿಕೆ: ಐಪೀಸಿಗೆ ಮೊಬೈಲ್ ಕೂರಿಸುವ ಕ್ಲಿಪ್ಪು. ಇದರಿಂದ ಒಮ್ಮೆಗೆ ಹತ್ತು ಜನ ಚಂದ್ರನನ್ನು ಪರದೆಯ ಮೇಲೆ ನೋಡಬಹುದು. ಕಣ್ಣು ಐಪೀಸಿಗೆ ಬಾಗಿಸಲಾಗದ ಅಜ್ಜ ಅಜ್ಜಿಯರಿಗೂ ಆಗುತ್ತದೆ.

ಒಂದು ಸಾಮಾನು ಕೂಡಲೇ ಬಿಸಾಡಬೇಕು

ಕೆಲವು ಪೆಟ್ಟಿಗೆಗಳಲ್ಲಿ ಐಪೀಸಿಗೆ ತಿರುವುವ ಚಿಕ್ಕ ಕಪ್ಪು ಗಾಜು ಇರುತ್ತದೆ. ಮೇಲೆ ಸೂರ್ಯ ಎಂಬರ್ಥದ ಇಂಗ್ಲಿಷ್ ಪದ. ಅದನ್ನು ಒಡೆದು ಹುಗಿದುಬಿಡಿ. ಟೆಲಿಸ್ಕೋಪ್ ಕೂಡಿಸಿದ ಸೂರ್ಯನ ಬಿಸಿಯೆಲ್ಲ ಆ ಗಾಜಿನ ಹತ್ತಿರವೇ ಬೀಳುತ್ತದೆ. ನೋಡುತ್ತಿರುವಾಗಲೇ ಅದು ಸಿಡಿಯಬಹುದು. ಸಿಡಿದರೆ ಕಣ್ಣು ಮುಚ್ಚುವುದಕ್ಕೂ ಸಮಯವಿಲ್ಲ. ಹೋದ ದೃಷ್ಟಿ ಬರುವುದಿಲ್ಲ.

ಸೂರ್ಯನಿಗೆ ಬೇಕಾದ ಫಿಲ್ಟರ್ ಟೆಲಿಸ್ಕೋಪಿನ ಮುಂದಿನ ಬಾಯಿಗೆ ಕಟ್ಟುವಂಥದು. ಬಿಸಿ ಒಳಗೇ ಬರಬಾರದು. ಸೂರ್ಯ ವೀಕ್ಷಣೆಗೆಂದೇ ಮಾಡಿದ ಹಾಳೆಯದೇ ಆಗಬೇಕು, ಎಕ್ಸ್-ರೇ ಹಾಳೆ, ಹೊಗೆ ಹಿಡಿಸಿದ ಗಾಜು ನಡೆಯುವುದಿಲ್ಲ. ಗಾಳಿಗೆ ಹಾರದಂತೆ ಟೇಪು ಸುತ್ತಿ. ಮೇಲಿನ ಗುರಿ ದುರ್ಬೀನಿಗೂ ಮುಚ್ಚಳ ಹಾಕಿ. ಗ್ರಹಣದ ಕನ್ನಡಕ ಹಾಕಿಕೊಂಡು ಟೆಲಿಸ್ಕೋಪಿನಲ್ಲಿ ನೋಡಲೇಬಾರದು.

ಇದನ್ನು ಈಗಲೇ ಹೇಳುವುದಕ್ಕೆ ಕಾರಣವಿದೆ. 1980ರ ಫೆಬ್ರುವರಿ 16ರ ಖಗ್ರಾಸ ಗ್ರಹಣ ಕರಾವಳಿಯಿಂದ ರಾಯಚೂರಿನ ಕಡೆಗೆ ನಮ್ಮ ರಾಜ್ಯ ದಾಟಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟು ನೋಡಿದರು. ಹೊರಗಿನಿಂದ ಬಂದವರು ನೋಡುವಾಗ ನಮ್ಮ ಜನ ಬಹುಪಾಲು ಬಾಗಿಲು ಹಾಕಿಕೊಂಡು ಒಳಗಿದ್ದರು. ಅಂದಿನ ಮಕ್ಕಳು ಇವತ್ತಿನ ಅಜ್ಜಂದಿರು, ಕೇಳಿದರೆ ಹೇಳುತ್ತಾರೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಕೊಡಗಿನಲ್ಲೂ ಕಾಸರಗೋಡಿನ ಚೆರುವತ್ತೂರಿನಲ್ಲೂ ಜನ ಸೇರಿ ನೋಡಿದರು. ಅಷ್ಟು ಬದಲಾಗಿದೆ.

2027ರ ಆಗಸ್ಟ್ 2ರಂದು ಮತ್ತೊಂದು ಸೂರ್ಯಗ್ರಹಣ. ಖಗ್ರಾಸವಾಗುವುದು ಉತ್ತರ ಆಫ್ರಿಕಾ, ಅರಬ್ ದೇಶಗಳಲ್ಲಿ. ನಮಗೆ ಸಂಜೆಯ ಕಡೆ ಪಾರ್ಶ್ವ ಗ್ರಹಣ. ಪಾರ್ಶ್ವ ಗ್ರಹಣದಲ್ಲಿ ಒಂದು ಕ್ಷಣವೂ ಫಿಲ್ಟರ್ ತೆಗೆಯುವಂತಿಲ್ಲ. ಶಾಲೆಗೆ ಟೆಲಿಸ್ಕೋಪ್ ತರುವವರು ಮೂರನೇ ಐಪೀಸ್ ಬಿಟ್ಟರೂ ಸರಿ, ಮುಂದಿನ ಬಾಯಿಯ ಫಿಲ್ಟರ್ ಬಿಡಬೇಡಿ.

ಯಾವಾಗ ಶುರು ಮಾಡುವುದು?

ರೋಹಿಣಿ, ಮೃಗಶಿರ, ಆರಿದ್ರಾ. ನಮ್ಮ ರೈತರಿಗೆ ಇವು ಮಳೆಯ ಹೆಸರು. ಆದರೆ ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿ ನಕ್ಷತ್ರ ಕಾಣುವುದಿಲ್ಲ, ಯಾಕೆಂದರೆ ಆಗ ಸೂರ್ಯ ಅದರ ಹತ್ತಿರವೇ ಇರುತ್ತಾನೆ. ಮಳೆಗೆ ಆ ಹೆಸರು ಬಂದಿರುವುದೂ ಅದಕ್ಕೇ. ಈ ನಕ್ಷತ್ರಗಳನ್ನು ಕಣ್ಣಾರೆ ನೋಡಬೇಕೆಂದರೆ ಹಿಂಗಾರಿ ಜೋಳ ತೆನೆಗಟ್ಟುವ ಕಾಲಕ್ಕೆ, ಸೀತನಿ ತಿನ್ನುವ ಚಳಿಯ ರಾತ್ರಿಗಳಲ್ಲಿ ನೋಡಬೇಕು. ಆಗ ಸಂಜೆಯಾದ ಮೇಲೆ ಕೃತ್ತಿಕೆ, ರೋಹಿಣಿ, ಮೃಗಶಿರ ಒಂದರ ಹಿಂದೆ ಒಂದು ಮೂಡಣದಿಂದ ಏರುತ್ತವೆ. ಮೋಡವೂ ಇರುವುದಿಲ್ಲ.

ಚಂದ್ರನಿಗೆ ಹುಣ್ಣಿಮೆ ಒಳ್ಳೆಯ ದಿನವಲ್ಲ. ನೇರ ಬೆಳಕಿನಲ್ಲಿ ಕುಳಿಗಳ ನೆರಳು ಅಳಿಸಿಹೋಗಿ ಎಲ್ಲ ಸಪಾಟು ಕಾಣುತ್ತದೆ. ಪಂಚಾಂಗ ನೋಡಿ ಶುಕ್ಲ ಪಕ್ಷದ ಪಂಚಮಿಯಿಂದ ದಶಮಿಯ ನಡುವೆ ಇಟ್ಟುಕೊಳ್ಳಿ. ಶನಿಯ ಉಂಗುರ 2025ರಲ್ಲಿ ನಮ್ಮ ಕಡೆಗೆ ಬರೀ ಅಂಚಾಗಿ ನಿಂತು ತೆಳುಗೆರೆಯಂತಾಗಿತ್ತು. ಗೆಲಿಲಿಯೋಗೂ 1612ರಲ್ಲಿ ಹೀಗೇ ಆಗಿ, ಕಂಡದ್ದು ಎಲ್ಲಿ ಹೋಯಿತೆಂದು ದಿಗಿಲಾಗಿತ್ತು. ಈಗ ಅದು ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತ ಹೋಗುತ್ತದೆ.

ಟೆಲಿಸ್ಕೋಪಿಗೆ ಇನ್ನೂ ಹಣ ಕೂಡದಿದ್ದರೆ 7×50 ಅಥವಾ 10×50 ಎಂದು ಬರೆದಿರುವ ಒಂದು ದುರ್ಬೀನು ತನ್ನಿ. ಕೃತ್ತಿಕೆಗೆ ಅದಕ್ಕಿಂತ ಒಳ್ಳೆಯ ಸಾಧನ ಕಡಿಮೆ. ಹಣ ಕೂಡಿದರೆ ಇಡೀ ಮೊತ್ತವನ್ನು ಕೊಳವೆಗೇ ಹಾಕಬೇಡಿ. ಒಂದು ಪಾಲು 25ರ ಪಿಎಲ್ ಐಪೀಸಿಗೆ, ಒಂದು ಪಾಲು ಗಟ್ಟಿ ನಿಲುವಿಗೆ, ಒಂದು ಪಾಲು ಸೂರ್ಯನ ಫಿಲ್ಟರಿಗೆ ಮೊದಲೇ ತೆಗೆದಿಡಿ. ಮೊದಲ ರಾತ್ರಿ 25ರ ಐಪೀಸ್ ಬಿಟ್ಟು ಬೇರೆ ಯಾವುದನ್ನೂ ಡಬ್ಬಿಯಿಂದ ತೆಗೆಯಬೇಡಿ. ಸಾಲಿನ ಕಡೆಯಲ್ಲಿ ನಿಂತ ಮಗುವಿಗೂ ಗುರುವಿನ ನಾಲ್ಕು ಚುಕ್ಕೆ ಕಂಡ ಮೇಲೆ ಮುಂದಿನದನ್ನು ಯೋಚಿಸೋಣ.